ಅಡಿಕೆಯ ಸೊಕ್ಕು ಮದ್ದಾದ ಕತೆ

ಅಭ್ಯಾಸವಿಲ್ಲದವರು ಎಳೆಯಡಿಕೆ ಹಾಕಿಕೊಂಡು ಕವಳ ಜಗಿದರೆ ಏನಾಗುತ್ತದೆಂದು ಮಲೆನಾಡು, ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬಾಯಿತುಂಬ ಜೊಲ್ಲು ಉಕ್ಕುತ್ತದೆ. ಕಿವಿ ಬಿಸಿಯೇರಿ ಹಣೆ ಬೆವರುತ್ತದೆ. ಎದೆ ಡವಗುಟ್ಟುತ್ತದೆ, ತಲೆ ಗಿರ್ರನೆ ತಿರುಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸಿ ವಾಂತಿಯೂ ಆಗುತ್ತದೆ. ‘ಅಡಿಕೆ ಸೊಕ್ಕಿತು, ಉಗುಳಿ ಬಾಯಿ ತೊಳೆದುಕೋ’ ಎಂದು ಹಿರಿಯರು ನಗುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗುತ್ತದೆ.

2024ರ ಸೆಪ್ಟೆಂಬರ್ 26ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕೊಬೆನ್ಫಿ ಎಂಬ ಹೊಸ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಇಲ್ಲದ ದನಿ ಕೇಳಿಸುವ, ಇಲ್ಲದ ಶತ್ರು ಕಾಣಿಸುವ ಸ್ಕಿಜೋಫ್ರೇನಿಯಾಕ್ಕೆ ಅದು ಮದ್ದು. 1950ರ ದಶಕದಲ್ಲಿ ಬಂದ ಕ್ಲೋರ್‌ಪ್ರೊಮಜೀನ್‌ನಿಂದ ಹಿಡಿದು ಈ ಕಾಯಿಲೆಗೆ ವೈದ್ಯರು ಬರೆಯುತ್ತ ಬಂದ ಮದ್ದುಗಳು ಮಿದುಳಿನ ಡೊಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆಯೊಡ್ಡುವಂಥವು. ಕೊಬೆನ್ಫಿಯ ದಾರಿ ಬೇರೆ. ಅದರ ಮುಖ್ಯ ಅಂಶವಾದ ಜಾನೊಮಲೀನ್ ಅಡಿಕೆಯ ಸೊಕ್ಕಿಗೆ ಕಾರಣವಾದ ರಾಸಾಯನಿಕವನ್ನೇ ಮಾದರಿಯಾಗಿ ಇಟ್ಟುಕೊಂಡು ಕಟ್ಟಿದ ಅಣು. ಅದಕ್ಕೂ ಮೊದಲು ಅಪಸ್ಮಾರಕ್ಕೆ ಬಂದ ಇನ್ನೊಂದು ಮದ್ದಿನ ಬೇರೂ ಕವಳದಲ್ಲೇ ಇದೆ. ಜೊಲ್ಲು, ಬೆವರು, ಹೊಟ್ಟೆಯ ತೊಳಸು, ತಲೆಸುತ್ತು ಎಲ್ಲ ಒಟ್ಟಿಗೆ ಬರುವ ಸೊಕ್ಕನ್ನು ವಿಜ್ಞಾನ ಒಂದೊಂದಾಗಿ ಬಿಡಿಸಿ ನೋಡಿದ ಕತೆ ಇದು. ಬಿಡಿಸಲು ನೂರಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮೊದಲು ಹೊಟ್ಟೆಗೆ

ಅಡಿಕೆ ಜಗಿಯುವ ಚಟ ಎಷ್ಟು ಹಳೆಯದೆಂದು ಹಲ್ಲುಗಳೇ ಹೇಳುತ್ತವೆ. ಥಾಯ್ಲೆಂಡಿನ ನಾಂಗ್ ರಾಚವಾಟ್ ಎಂಬಲ್ಲಿ ಸಿಕ್ಕ, ಸುಮಾರು 4,000 ವರ್ಷ ಹಿಂದಿನ ಅಸ್ಥಿಪಂಜರವೊಂದರ ಹಲ್ಲಿನ ಗಾರೆಯಲ್ಲಿ ಅಡಿಕೆಯ ರಾಸಾಯನಿಕಗಳ ಗುರುತು ಪತ್ತೆಯಾಗಿದೆಯೆಂದು 2025ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹಲ್ಲಿನ ಮೇಲೆ ಕೆಂಪು ಕಲೆ ಉಳಿದಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಯಂತ್ರ ಹಿಡಿಯಿತು.

ಮದ್ದಾಗಿ ಅಡಿಕೆಯ ದಾಖಲೆಯೂ ಹಳೆಯದೇ. ಸುಮಾರು 1,500 ವರ್ಷ ಹಿಂದೆ ತಾವೊ ಹೊಂಗ್‌ಜಿಂಗ್ ಸಂಕಲಿಸಿದ ಚೀನೀ ಔಷಧಗ್ರಂಥದಲ್ಲಿ ಅಡಿಕೆ ಹೊಟ್ಟೆಹುಳು ಕೊಲ್ಲುವ, ಉಂಡದ್ದನ್ನು ಅರಗಿಸುವ ವಸ್ತು. ಊಟದ ಮೇಲಿನ ತಾಂಬೂಲವನ್ನು ಸುಶ್ರುತ ಸಂಹಿತೆ ಬಲ್ಲದು. 16ನೇ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ ಇನ್ನೂ ಸೂಕ್ಷ್ಮ: ಪೂಗ, ಅಂದರೆ ಅಡಿಕೆ, ಹಸಿವು ಹೆಚ್ಚಿಸುತ್ತದೆ, ಬಾಯಿರುಚಿ ತರುತ್ತದೆ, ಜೊತೆಗೆ ಮೋಹನವೂ ಹೌದು, ಎಂದರೆ ಮತ್ತು ತರಿಸುತ್ತದೆ. ಹಸಿಯಾಗಿದ್ದರೆ ಜಠರಾಗ್ನಿಗೂ ಕಣ್ಣಿಗೂ ಕೆಟ್ಟದ್ದು, ಬೇಯಿಸಿದರೆ ಒಳ್ಳೆಯದು ಎಂಬ ಎಚ್ಚರಿಕೆಯೂ ಅಲ್ಲಿದೆ. ಮಲೆನಾಡಿನಲ್ಲಿ ಕೆಂಪಡಿಕೆ ಮಾಡಲು ಬೇಯಿಸುವಾಗ ಅಡಿಕೆಯ ಸೊಕ್ಕಿನ ಅಂಶ ಒಂದಿಷ್ಟು ಬೇಯಿಸಿದ ನೀರಾದ ಚೊಗರಿಗೆ ಇಳಿಯುತ್ತದೆ ಎಂಬುದು ಈಗ ಗೊತ್ತಿರುವ ಸಂಗತಿ. ಅಣುವಿನ ಹೆಸರು ತಿಳಿಯದ ಕಾಲದಲ್ಲೇ ಬಳಸಿದವರು ಅದರ ಗುಣ ಗುರುತಿಸಿದ್ದರು.

ಯುರೋಪಿನ ಕಣ್ಣು ಮೊದಲು ಬಿದ್ದದ್ದು ಹುಳುವಿನ ಮದ್ದಿನ ಮೇಲೆ. 19ನೇ ಶತಮಾನದ ಬ್ರಿಟನ್ನಿನಲ್ಲಿ ನಾಯಿಗಳ ಲಾಡಿಹುಳುವಿಗೆ ಅಡಿಕೆಪುಡಿ ಕೊಡುವುದು ರೂಢಿಯಲ್ಲಿತ್ತು. ಪುಡಿ ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೆ ನಾಯಿಗೆ ಭೇದಿಯಾಗಿ ಹುಳು ಹೊರಬೀಳುತ್ತಿತ್ತು. ಪುಡಿಯಲ್ಲಿ ಈ ಕೆಲಸ ಮಾಡುವುದು ಯಾವುದು ಎಂಬ ಪ್ರಶ್ನೆ ರಸಾಯನಶಾಸ್ತ್ರಜ್ಞರ ಮೇಜಿಗೆ ಬಂತು.

ಎಣ್ಣೆಯಂಥ ಒಂದು ದ್ರವ

ಉತ್ತರ ಹುಡುಕಿದವರು ಜರ್ಮನಿಯ ಇ. ಯಾನ್ಸ್. 1888ರಲ್ಲಿ ಅವರು ಅಡಿಕೆಯಿಂದ ಎಣ್ಣೆಯಂಥ, ಬಣ್ಣವಿಲ್ಲದ ದ್ರವವೊಂದನ್ನು ಬೇರ್ಪಡಿಸಿ ಅರೆಕೊಲಿನ್ ಎಂದು ಕರೆದರು. ಮುಂದಿನ ಕೆಲವೇ ವರ್ಷಗಳಲ್ಲಿ ಅದರ ಒಡಹುಟ್ಟುಗಳೂ ಸಿಕ್ಕವು: ಅರೆಕೈಡಿನ್, ಗುವಾಸಿನ್. ಒಣ ಅಡಿಕೆಯ ತೂಕದಲ್ಲಿ ಇವೆಲ್ಲ ಸೇರಿದರೂ ಶೇಕಡಾ ಒಂದರ ಆಸುಪಾಸು. ಸೊಕ್ಕಿನ ಬಹುಪಾಲು ಹೊಣೆ ಅರೆಕೊಲಿನ್‌ದೇ ಎಂದು ಬೇಗ ತಿಳಿಯಿತು. ಗುವಾಸಿನ್ ಮಾತ್ರ ಯಾರಿಗೂ ಬೇಡದ ಪುಡಿಯಾಗಿ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಮೂಲೆಯಲ್ಲಿ ಉಳಿಯಿತು. ಅದರ ಸರದಿ ಮುಂದೆ ಬರುತ್ತದೆ.

ಅರೆಕೊಲಿನ್ ದೇಹದಲ್ಲಿ ಮಾಡುವುದೇನು ಎಂಬುದನ್ನು ಬಿಡಿಸಲು 20ನೇ ಶತಮಾನ ಬೇಕಾಯಿತು. ನರಗಳು ಗ್ರಂಥಿ, ಕರುಳು, ಹೃದಯಗಳಿಗೆ ಅಪ್ಪಣೆ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತವೆ. ಅದನ್ನು ಹಿಡಿದುಕೊಳ್ಳುವ ಗ್ರಾಹಿಗಳಲ್ಲಿ ಎರಡು ಬಗೆ: ಕೆಲವು ಹೊಗೆಸೊಪ್ಪಿನ ನಿಕೊಟಿನ್‌ಗೂ ಓಗೊಡುತ್ತವೆ, ಕೆಲವು ಅಣಬೆಯ ವಿಷವಾದ ಮಸ್ಕರಿನ್‌ಗೆ ಓಗೊಡುತ್ತವೆ. ಬ್ರಿಟನ್ನಿನ ಹೆನ್ರಿ ಡೇಲ್ 1914ರಲ್ಲಿ ಈ ಭೇದ ಗುರುತಿಸಿದರು. ಅರೆಕೊಲಿನ್ ಮುಖ್ಯವಾಗಿ ಮಸ್ಕರಿನ್ ಬಗೆಯ ಗ್ರಾಹಿಗಳನ್ನು ತಟ್ಟುತ್ತದೆ. ಜೊಲ್ಲಿನ ಗ್ರಂಥಿಯನ್ನು ತಟ್ಟಿದರೆ ಜೊಲ್ಲು, ಬೆವರಿನ ಗ್ರಂಥಿಯನ್ನು ತಟ್ಟಿದರೆ ಬೆವರು, ಕರುಳನ್ನು ತಟ್ಟಿದರೆ ಭೇದಿ. ರಕ್ತದಿಂದ ಮಿದುಳಿಗೂ ನುಸುಳಬಲ್ಲ ಅಣು ಅದು. ಹಾಗಾಗಿ ತಲೆಗೂ ಏರುತ್ತದೆ. ಸೊಕ್ಕಿನ ಲಕ್ಷಣಗಳೆಲ್ಲ ಹೀಗೆ ಒಂದೇ ಅಣುವಿನ ಖಾತೆಗೆ ಜಮೆಯಾದವು.

ನಾಯಿಗಳ ಸಾಲು

ಶುದ್ಧ ಅರೆಕೊಲಿನ್ ಮೊದಲು ಕೆಲಸಕ್ಕೆ ಬಿದ್ದದ್ದು ಪಶುವೈದ್ಯದಲ್ಲಿ. ಹೊಟ್ಟೆನೋವಿನಿಂದ ನರಳುವ ಕುದುರೆಗಳ ಕರುಳನ್ನು ಚುರುಕುಗೊಳಿಸಲು, ನಾಯಿಗಳ ಲಾಡಿಹುಳು ಹೊರಹಾಕಲು ಅದರ ಲವಣವಾದ ಅರೆಕೊಲಿನ್ ಹೈಡ್ರೊಬ್ರೊಮೈಡ್ ಬಳಕೆಯಾಯಿತು. ಇದರ ದೊಡ್ಡ ಪ್ರಯೋಗವೊಂದು ನಡೆದದ್ದು ಅಡಿಕೆ ಮರವನ್ನೇ ಕಾಣದ ನ್ಯೂಜಿಲೆಂಡಿನಲ್ಲಿ.

ಅಲ್ಲಿ ಕುರಿ ಹೆಚ್ಚು, ಕುರಿ ಕಾಯುವ ನಾಯಿಯೂ ಹೆಚ್ಚು. ಕೆಲವೇ ಮಿಲಿಮೀಟರ್ ಉದ್ದದ ಎಕಿನೊಕಾಕಸ್ ಎಂಬ ಲಾಡಿಹುಳು ನಾಯಿಯ ಕರುಳಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ವರ್ಷಗಟ್ಟಲೆ ಊದುತ್ತ ಹೋಗುತ್ತದೆ. ಇದೇ ಹೈಡಾಟಿಡ್ ರೋಗ. 1959ರಲ್ಲಿ ನ್ಯೂಜಿಲೆಂಡ್ ಇದಕ್ಕಾಗಿ ಕಾಯ್ದೆಯನ್ನೇ ತಂದಿತು. ಊರೂರಿನ ನಾಯಿಗಳನ್ನು ಗೊತ್ತಾದ ಜಾಗದಲ್ಲಿ ಸಾಲಾಗಿ ಕಟ್ಟಿ ಅರೆಕೊಲಿನ್ ಕುಡಿಸುತ್ತಿದ್ದರು. ಭೇದಿಯಾದೊಡನೆ ಅಧಿಕಾರಿಗಳು ಮಲವನ್ನು ಸಂಗ್ರಹಿಸಿ ಹುಳುವಿದೆಯೇ ಎಂದು ನೋಡುತ್ತಿದ್ದರು. ಮದ್ದೂ ಅದೇ, ಪರೀಕ್ಷೆಯೂ ಅದೇ.

ಅರೆಕೊಲಿನ್ ಹುಳುವಿನ ಹಿಡಿತ ಸಡಿಲಿಸಿ ಹೊರದೂಡುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ನಾಯಿಗೂ ಅದು ತ್ರಾಸದ ಮದ್ದು. ಪ್ರಾಜಿಕ್ವಾಂಟೆಲ್ ಎಂಬ ಹುಳುಮದ್ದು ಬಂದ ಮೇಲೆ ಅರೆಕೊಲಿನ್‌ನ ಕಾಲ ಮುಗಿಯಿತು. ಆದರೂ, ಕುರಿಯ ಹಸಿ ಕರುಳು-ಯಕೃತ್ತನ್ನು ನಾಯಿಗೆ ಹಾಕಬಾರದೆಂಬ ಕಟ್ಟುನಿಟ್ಟಿನ ಜೊತೆ ಸೇರಿ ಅದು ಮಾಡಿದ ಕೆಲಸ ಸಣ್ಣದಲ್ಲ: 2002ರಲ್ಲಿ ನ್ಯೂಜಿಲೆಂಡ್ ತನ್ನನ್ನು ಹೈಡಾಟಿಡ್ ರೋಗದಿಂದ ತಾತ್ಕಾಲಿಕವಾಗಿ ಮುಕ್ತವೆಂದು ಸಾರಿಕೊಂಡಿತು. ಚೀನಾದಲ್ಲಿ ಮನುಷ್ಯರ ಲಾಡಿಹುಳುವಿಗೆ ಕುಂಬಳಬೀಜ, ಅಡಿಕೆಯ ಸಾರ ಒಟ್ಟಿಗೆ ಕೊಡುವ ಪದ್ಧತಿ ಇನ್ನೂ ಇದೆ. ಪಶ್ಚಿಮ ಸಿಚುವಾನ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಜೋಡಿಮದ್ದು ಹೆಚ್ಚಿನವರ ಹುಳುವನ್ನು ಪೂರ್ತಿಯಾಗಿ ಹೊರಹಾಕಿತು. ಹಳೆಯ ಚೀನೀ ಗ್ರಂಥದ ಮಾತು ಇಷ್ಟರಮಟ್ಟಿಗೆ ನಿಜವಾಯಿತು.

ಸುಣ್ಣ ಮಾಡಿದ ಕೆಲಸ

ಎಲೆಗೆ ಸುಣ್ಣ ಹಚ್ಚುವುದು ಬರಿಯ ಕೆಂಪುಬಣ್ಣಕ್ಕಲ್ಲ. ಬಾಯಲ್ಲಿ ಸುಣ್ಣ ತಾಗಿದೊಡನೆ ಅರೆಕೊಲಿನ್‌ನ ಒಂದು ಪಾಲು ಒಡೆದು ಅರೆಕೈಡಿನ್ ಆಗುತ್ತದೆ. ಗುವಾಕೊಲಿನ್ ಎಂಬ ಇನ್ನೊಂದು ಅಂಶ ಒಡೆದು ಗುವಾಸಿನ್ ಆಗುತ್ತದೆ. ಯಾನ್ಸ್ ಕಾಲದಲ್ಲಿ ಮೂಲೆ ಸೇರಿದ್ದ ಗುವಾಸಿನ್ ಮತ್ತೆ ಬೆಳಕಿಗೆ ಬಂದದ್ದು ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ.

ಅಲ್ಲಿನ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಗ್ರಹಾಮ್ ಜಾನ್‌ಸ್ಟನ್ ಕೆಲಸ ಮಾಡುತ್ತಿದ್ದ ಗುಂಪಿನ ಗಮನವೆಲ್ಲ ಗಾಬಾ ಮೇಲಿತ್ತು. 1950ರಲ್ಲಿ ಮಿದುಳಿನಲ್ಲಿ ಪತ್ತೆಯಾದ ಈ ರಾಸಾಯನಿಕ ನರಕೋಶಗಳ ಅತಿಯಾದ ಉದ್ರೇಕವನ್ನು ತಣಿಸುತ್ತದೆ. ತಣಿಸುವ ಕೆಲಸ ಸಾಲದಾದಾಗ ನರಕೋಶಗಳು ಹದ್ದುಮೀರಿ ಅಪಸ್ಮಾರದ ಸೆಳವು ಬರುತ್ತದೆ. ಕೆಲಸ ಮುಗಿಸಿದ ಗಾಬಾವನ್ನು ಕೋಶಗಳು ಮತ್ತೆ ಒಳಗೆಳೆದುಕೊಳ್ಳುತ್ತವೆ. ಆ ಎಳೆತವನ್ನು ತಡೆದರೆ ಗಾಬಾ ಹೊರಗೆ ಇನ್ನಷ್ಟು ಹೊತ್ತು ಉಳಿದು ಸೆಳವು ಹತೋಟಿಗೆ ಬರಬಹುದು ಎಂಬುದು ಲೆಕ್ಕ. ತಡೆಯುವ ಅಣು ಯಾವುದು?

ಕೋಪನ್‌ಹೇಗನ್ನಿನ ರಾಯಲ್ ಡ್ಯಾನಿಶ್ ಸ್ಕೂಲ್ ಆಫ್ ಫಾರ್ಮಸಿಯ ಪೊವ್ಲ್ ಕ್ರೊಗ್ಸ್‌ಗಾರ್ಡ್-ಲಾರ್ಸನ್ ಆಗ ಕೆಂಪುಟೊಪ್ಪಿಯ ವಿಷದಣಬೆಯಲ್ಲಿರುವ ಮಸಿಮೊಲ್ ಎಂಬ, ಗಾಬಾವನ್ನು ಹೋಲುವ ಅಣುವಿನ ಬೆನ್ನು ಹತ್ತಿದ್ದರು. ಇವರೂ ಜಾನ್‌ಸ್ಟನ್ನರೂ ಸೇರಿ ಇಲಿಯ ಮಿದುಳಿನ ತೆಳು ಹೋಳುಗಳ ಮೇಲೆ ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಡಿಕೆಯ ಗುವಾಸಿನ್, ಅರೆಕೈಡಿನ್ ಎರಡೂ ಗಾಬಾದ ಒಳಸೆಳೆತಕ್ಕೆ ಅಡ್ಡ ಬಂದವು. 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅರೆಕೊಲಿನ್‌ನ ನೆರಳಲ್ಲಿದ್ದ ಗುವಾಸಿನ್‌ಗೆ ಒಂದು ಕೆಲಸ ಸಿಕ್ಕಿತು.

ಮಿದುಳಿನ ಹೊಸ್ತಿಲು

ಗುವಾಸಿನ್ ಅಣುವಿಗೆ ಒಂದಿಷ್ಟು ಹೈಡ್ರೊಜನ್ ಸೇರಿಸಿದರೆ ನಿಪೆಕೋಟಿಕ್ ಆಮ್ಲ. ಗಾಬಾದ ಒಳಸೆಳೆತ ತಡೆಯುವುದರಲ್ಲಿ ಇದೂ ಗಟ್ಟಿಗ. ಆದರೆ ಹೋಳಿನ ಮೇಲೆ ಗೆದ್ದ ಅಣು ಜೀವಂತ ಪ್ರಾಣಿಯಲ್ಲಿ ಸೋತಿತು. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯನ್ನು ನೀರಲ್ಲಿ ಕರಗುವ ಇಂಥ ಆಮ್ಲಗಳು ದಾಟವು. ಕವಳ ಜಗಿಯುವವರ ಬಾಯಲ್ಲಿ ಗುವಾಸಿನ್ ಹುಟ್ಟಿದರೂ ಅಪಸ್ಮಾರಕ್ಕೆ ಅದು ಮದ್ದಾಗದಿರುವುದು ಇದೇ ಕಾರಣಕ್ಕೆ.

ಹತ್ತು ವರ್ಷ ಕಳೆಯಿತು. 1985ರಲ್ಲಿ ಅಮೆರಿಕದ ಸ್ಮಿತ್‌ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯ ರಸಾಯನಶಾಸ್ತ್ರಜ್ಞರು ನಿಪೆಕೋಟಿಕ್ ಆಮ್ಲಕ್ಕೆ ಕೊಬ್ಬಿನಲ್ಲಿ ಕರಗುವ ಒಂದು ಬಾಲವನ್ನು ಜೋಡಿಸಿದರು. ಆ ಬಾಲದ ಬಲದಿಂದ ಅಣು ಮಿದುಳಿನ ಹೊಸ್ತಿಲು ದಾಟಿತು. ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಕಂಪನಿ ಬಾಲದ ಆಕಾರವನ್ನು ಬದಲಿಸುತ್ತ ಹೋಗಿ ಟಯಗಬಿನ್ ಎಂಬ ಅಣುವಿಗೆ ಬಂದು ನಿಂತಿತು. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಗ್ಯಾಬಿಟ್ರಿಲ್ ಹೆಸರಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಗಾಬಾವನ್ನು ಒಳಗೆಳೆಯುವ ಮುಖ್ಯ ಸಾಗಣೆಗಾರನನ್ನೇ ಆಯ್ದು ತಡೆಯುವ ಈ ಮದ್ದು ಅಪಸ್ಮಾರದ ಕೆಲವು ಬಗೆಗಳಲ್ಲಿ ಬೇರೆ ಮದ್ದಿನ ಜೊತೆಗೆ ಕೊಡುವಂಥದ್ದು. ಅಪಸ್ಮಾರವಿಲ್ಲದವರು ಬೇರೆ ತೊಂದರೆಗೆಂದು ನುಂಗಿದಾಗ ಅವರಿಗೇ ಸೆಳವು ಬಂದ ಉದಾಹರಣೆಗಳು ಕಂಡು 2005ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಅಡಿಕೆ ಸಂತಾನದ ಮದ್ದಿಗೂ ಹದ ಮೀರಬಾರದೆಂಬ ಪಾಠ ತಪ್ಪಲಿಲ್ಲ.

ನೆನಪಿನ ಬೆನ್ನು ಹತ್ತಿ

ಇತ್ತ ಅರೆಕೊಲಿನ್ ತಲೆಗೇರುವ ಗುಣದ ಮೇಲೂ ಕೆಲಸ ನಡೆದಿತ್ತು. ಸೀತಾರಾಮ್, ವೈನ್‌ಗಾರ್ಟ್ನರ್, ಗಿಲಿನ್ ಎಂಬ ಮೂವರು 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು: ಆರೋಗ್ಯವಂತರಿಗೆ ಅರೆಕೊಲಿನ್ ಕೊಟ್ಟಾಗ ಪದಗಳ ಸಾಲನ್ನು ನೆನಪಿಟ್ಟುಕೊಳ್ಳುವ ಶಕ್ತಿ ಸುಧಾರಿಸಿತು. ಆಲ್ಜೈಮರ್ಸ್ ರೋಗದಲ್ಲಿ ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತದೆ ಎಂಬುದು ಆಗಷ್ಟೇ ಗೊತ್ತಾಗಿತ್ತು. ಹಾಗಾದರೆ ಮರೆವಿನ ರೋಗಕ್ಕೆ ಅಡಿಕೆಯೇ ಮದ್ದಾಗಬಹುದೇ? ತೊಡಕು ಎರಡು. ಅರೆಕೊಲಿನ್ ರಕ್ತದಲ್ಲಿ ಬಹಳ ಬೇಗ ಒಡೆದುಹೋಗುತ್ತದೆ. ಮತ್ತೆ ಜೊಲ್ಲು, ಬೆವರು, ವಾಕರಿಕೆ ಬೆನ್ನು ಬಿಡುವುದಿಲ್ಲ.

ಮೊದಲನೆಯ ತೊಡಕು ರಸಾಯನಶಾಸ್ತ್ರಕ್ಕೆ ಬಗ್ಗಿತು. ಅರೆಕೊಲಿನ್ ಒಡೆಯುವುದು ಎಸ್ಟರ್ ಎಂಬ ಅದರ ದುರ್ಬಲ ಕೊಂಡಿಯಲ್ಲಿ. ಸುಣ್ಣ ಒಡೆಯುವುದೂ ಇದನ್ನೇ. ನೊವೊ ನಾರ್ಡಿಸ್ಕ್ ಮತ್ತು ಅಮೆರಿಕದ ಇಲೈ ಲಿಲ್ಲಿ ಕಂಪನಿಗಳ ತಂಡ ಆ ಕೊಂಡಿಯನ್ನು ತೆಗೆದು, ಗಂಧಕ ಸಾರಜನಕಗಳಿರುವ ಗಟ್ಟಿ ಉಂಗುರವೊಂದನ್ನು ಕೂರಿಸಿತು. ಉಳಿದ ದೇಹ ಅರೆಕೊಲಿನ್‌ದೇ. 1990ರ ದಶಕದ ಆರಂಭದಲ್ಲಿ ಹೀಗೆ ಹುಟ್ಟಿದ್ದು ಜಾನೊಮಲೀನ್. ಮಸ್ಕರಿನ್ ಗ್ರಾಹಿಗಳಲ್ಲಿ ಐದು ಉಪಬಗೆಗಳಿವೆಯೆಂದು ಅಷ್ಟರಲ್ಲಿ ತಿಳಿದಿತ್ತು. ಮಿದುಳಿನಲ್ಲಿ ಹೆಚ್ಚಾಗಿರುವ ಎಂ-1, ಎಂ-4 ಬಗೆಗಳ ಕಡೆಗೆ ಈ ಹೊಸ ಅಣುವಿನ ಒಲವು.

1997ರಲ್ಲಿ 343 ಆಲ್ಜೈಮರ್ಸ್ ರೋಗಿಗಳ ಮೇಲಿನ ಪರೀಕ್ಷೆಯ ವರದಿ ಬಂತು. ನೆನಪಿನ ಲಾಭಕ್ಕಿಂತ ಕುತೂಹಲದ ಸಂಗತಿ ಬೇರೆ ಇತ್ತು: ರೋಗಿಗಳ ಭ್ರಮೆ, ಅನುಮಾನ, ಇಲ್ಲದ್ದನ್ನು ಕಾಣುವುದು ಕಡಿಮೆಯಾಗಿತ್ತು. ಹುಡುಕಿದ್ದು ಮರೆವಿನ ಮದ್ದು, ಸುಳಿವು ಸಿಕ್ಕಿದ್ದು ಮನೋರೋಗದ ಮದ್ದಿನದು. ಆದರೆ ಹೆಚ್ಚು ಪ್ರಮಾಣ ನುಂಗಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅಡ್ಡಪರಿಣಾಮ ತಾಳದೆ ಮಧ್ಯದಲ್ಲೇ ಬಿಟ್ಟರು. ವಾಂತಿ, ಬೆವರು, ಕೆಲವರಿಗೆ ಎಚ್ಚರ ತಪ್ಪಿದ್ದು. ಕೋಟಿಗಟ್ಟಲೆ ಖರ್ಚಾದ ಮೇಲೂ ಅಡಿಕೆಯ ಸೊಕ್ಕು ಬಿಟ್ಟಿರಲಿಲ್ಲ. ಜಾನೊಮಲೀನ್ ಕಪಾಟು ಸೇರಿತು.

ಈ ಮಧ್ಯೆ ಪೆಸಿಫಿಕ್ ಸಾಗರದ ಪಲಾವು ದ್ವೀಪದಿಂದ ಒಂದು ಸುದ್ದಿ ಬಂತು. ಅಲ್ಲಿಯೂ ಜನ ಅಡಿಕೆ ಜಗಿಯುತ್ತಾರೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಅಡಿಕೆ ಜಗಿಯುವವರ ಲಕ್ಷಣಗಳು ಜಗಿಯದವರಿಗಿಂತ ಸೌಮ್ಯವಾಗಿವೆಯೆಂದು ಸಲಿವನ್ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಅಡಿಕೆಯಿಂದಲೇ ಹಾಗಾಯಿತೆಂದು ಇಂಥ ಹೋಲಿಕೆ ಸಾಧಿಸದು. ಆದರೆ ಕಪಾಟಿನ ಅಣುವಿನತ್ತ ಅದೂ ಬೆರಳು ಮಾಡಿತು.

ಬೇರೆ ಕಾಲುವೆಗಳ ಬಾಯಿ ಕಟ್ಟಿ

ಉಳಿದದ್ದು ಎರಡನೆಯ ತೊಡಕು. 2009ರಲ್ಲಿ ಶುರುವಾದ ಕರುಣಾ ಥೆರಪ್ಯೂಟಿಕ್ಸ್ ಎಂಬ ಅಮೆರಿಕದ ಪುಟ್ಟ ಕಂಪನಿಯ ಆಂಡ್ರ್ಯೂ ಮಿಲ್ಲರ್ ಇದಕ್ಕೆ ಹೊಸ ಅಣುವನ್ನೇನೂ ಕಟ್ಟಲಿಲ್ಲ; ಇದ್ದ ಎರಡು ಮದ್ದುಗಳನ್ನು ಜೋಡಿಸಿದರು. ಪದೇ ಪದೇ ಮೂತ್ರಕ್ಕೆ ಅವಸರವಾಗುವವರಿಗೆ ಕೊಡುವ ಟ್ರಾಸ್ಪಿಯಮ್ ಎಂಬ ಹಳೆಯ ಮದ್ದು ಮಸ್ಕರಿನ್ ಗ್ರಾಹಿಗಳನ್ನು ಮುಚ್ಚುತ್ತದೆ, ಮಿದುಳಿಗೆ ಮಾತ್ರ ಹೋಗಲಾರದು. ಜಾನೊಮಲೀನ್ ಜೊತೆ ಇದನ್ನೂ ಕೊಟ್ಟರೆ ಮಿದುಳಿನ ಹೊರಗೆ ಎರಡೂ ಒಂದನ್ನೊಂದು ತಡೆದುಕೊಳ್ಳುತ್ತವೆ, ಒಳಗೆ ಜಾನೊಮಲೀನ್ ಒಂದೇ ಕೆಲಸ ಮಾಡುತ್ತದೆ. ತೋಟದ ಒಂದು ಸಾಲಿಗೆ ನೀರು ಹಾಯಿಸುವ ರೈತ ಉಳಿದ ಕಾಲುವೆಗಳ ಬಾಯಿಗೆ ಮಣ್ಣು ಕಟ್ಟುವ ಉಪಾಯವೇ ಇದು.

2012ರಲ್ಲಿ ಕರುಣಾ ಇಲೈ ಲಿಲ್ಲಿಯಿಂದ ಜಾನೊಮಲೀನ್ ಹಕ್ಕು ಪಡೆಯಿತು. 182 ರೋಗಿಗಳ ಮೇಲೆ ಐದು ವಾರ ನಡೆಸಿದ ಪರೀಕ್ಷೆ 2021ರಲ್ಲಿ ಪ್ರಕಟವಾದಾಗ, ಜೋಡಿಮದ್ದು ಪಡೆದವರ ಲಕ್ಷಣಗಳು ಸುಳ್ಳುಗುಳಿಗೆ ನುಂಗಿದವರಿಗಿಂತ ಸ್ಪಷ್ಟವಾಗಿ ತಗ್ಗಿದ್ದವು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ನಮ್ಮ ಗಾದೆಯಲ್ಲಿ ಅಡಿಕೆ ಅತಿ ಕ್ಷುಲ್ಲಕ ವಸ್ತು. ಆ ಅಡಿಕೆಯ ಸುಳಿವು ಹಿಡಿದು ಹೊರಟ ಕರುಣಾ ಕಂಪನಿಯನ್ನು ಸುಮಾರು 1,400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಔಷಧ ಕಂಪನಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ 2023ರ ಡಿಸೆಂಬರಿನಲ್ಲಿ ಘೋಷಿಸಿತು. ಮರುವರ್ಷ ಕೊಬೆನ್ಫಿಗೆ ಒಪ್ಪಿಗೆ ಬಂತು. ವಾಕರಿಕೆ, ವಾಂತಿ, ಮಲಬದ್ಧತೆ ಇದರಲ್ಲೂ ಇವೆ, ಯಕೃತ್ತಿನ ತೊಂದರೆ ಇರುವವರಿಗೆ ಸಲ್ಲದು. ಆದರೂ ಡೊಪಮಿನ್ ತಡೆಯುವ ಮದ್ದುಗಳು ತರುವ ಕೈಕಾಲು ನಡುಕ, ಬಿಗಿತದಂಥ ಕಾಟ ಇದರಲ್ಲಿ ಅಷ್ಟಾಗಿ ಇಲ್ಲವೆಂಬುದೇ ಅದರ ಹೆಚ್ಚುಗಾರಿಕೆ.

ಜಗಿಯುವವರಿಗೆ, ಬೆಳೆಯುವವರಿಗೆ

ಈ ಕತೆಯನ್ನು ಓದಿ ಇನ್ನೊಂದು ಕವಳ ಹಾಕಿಕೊಳ್ಳಲು ಕಾರಣ ಸಿಕ್ಕಿತೆಂದು ಯಾರೂ ಭಾವಿಸಬಾರದು. ಬಾಯಿ ಬಿಗಿದುಕೊಂಡು ತೆರೆಯಲಾಗದ ಕಾಯಿಲೆಯನ್ನು ಜೆ. ಶ್ವಾರ್ಟ್ಜ್ 1952ರಲ್ಲಿ ಕೀನ್ಯಾದ ಐವರು ಭಾರತೀಯ ಮೂಲದ ಮಹಿಳೆಯರಲ್ಲಿ ವಿವರಿಸಿದರು. ಅದು ಅಡಿಕೆಯ ಫಲವೆಂದು ನಂತರ ಖಚಿತವಾಯಿತು. ಹೊಗೆಸೊಪ್ಪು ಸೇರಿಸದಿದ್ದರೂ ಕವಳವೂ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರ ವರದಿಯಲ್ಲಿ ಹೇಳಿದೆ. ಅರೆಕೊಲಿನ್ ಕೂಡ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಹಳೆಯ ವೈದ್ಯರು ಅಡಿಕೆಯನ್ನು ಅಳೆದು, ಬೇಯಿಸಿ, ಹುಳು ಬೀಳುವ ತನಕ ಮಾತ್ರ ಕೊಡುತ್ತಿದ್ದರು. ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವುದು ಮದ್ದಿನ ಲೆಕ್ಕಕ್ಕೆ ಬರುವುದಿಲ್ಲ.

ಬೆಳೆಗಾರರಿಗೂ ಒಂದು ಮಾತು. ಭಾರತದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ‘ಅಡಿಕೆ ಹಾನಿಕರ’ ಎಂದಾಗಲೆಲ್ಲ ‘ಅಡಿಕೆ ಔಷಧಿ’ ಎಂಬ ಉತ್ತರ ಇಲ್ಲಿಂದ ಹೋಗುತ್ತದೆ. ಎರಡೂ ಮಾತಿಗೆ ಆಧಾರವಿದೆ, ಆದರೆ ಎರಡೂ ಒಂದೇ ವಸ್ತುವಿನ ಬಗ್ಗೆ ಹೇಳಿದವಲ್ಲ: ಹಾನಿ ಜಗಿಯುವ ಅಡಿಕೆಯದು, ಮದ್ದು ಅದರಿಂದ ಬೇರ್ಪಡಿಸಿ ಬದಲಿಸಿದ ಅಣುವಿನದು. ಟಯಗಬಿನ್ ಆಗಲಿ ಜಾನೊಮಲೀನ್ ಆಗಲಿ ಕಾರ್ಖಾನೆಯಲ್ಲೇ ತಯಾರಾಗುತ್ತವೆ. ಅವಕ್ಕೆ ಒಂದು ಗೋಟಡಿಕೆಯೂ ಬೇಕಾಗಿಲ್ಲ, ಅವುಗಳಿಂದ ರಾಶಿ ಇಡಿ ಅಡಿಕೆಯ ದರ ಒಂದು ರೂಪಾಯಿಯೂ ಏರುವುದಿಲ್ಲ. ಅಡಿಕೆಯ ಮದ್ದಿನ ಗುಣವನ್ನು ನಂಬುವವರು ಆ ನಂಬಿಕೆಯನ್ನು ಘೋಷಣೆಯಲ್ಲಿ ಕಳೆಯದೆ ಪ್ರಯೋಗಾಲಯಕ್ಕೆ ತರಲಿ. ಜಗಿಯುವವರು ಬಾಯಲ್ಲಿ ಉರಿ, ಬಿಗಿತ, ಮಾಯದ ಹುಣ್ಣು ಕಂಡ ದಿನವೇ ಕವಳ ಬಿಟ್ಟು ದಂತವೈದ್ಯರಿಗೆ ತೋರಿಸಲಿ.